ಫಿಶ್‌ಐ ಲೆನ್ಸ್: ಯಾವ ಗೆರೆ ಬಾಗುತ್ತದೆ, ಯಾವುದು ಬಾಗುವುದಿಲ್ಲ

ಫಿಶ್‌ಐ ಅಂದರೆ ಸುಮಾರು 180 ಡಿಗ್ರಿಯಷ್ಟು ಅಗಲದ ನೋಟವನ್ನು ಬಗ್ಗಿಸಿ ಒಂದೇ ಫೋಟೊದಲ್ಲಿ ಹಿಡಿಯುವ ಲೆನ್ಸ್. ಅದನ್ನು ಕೊಂಡವರ ಕಥೆ ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ಮೊದಲ ವಾರ ಮನೆಯವರ ಮೂಗು, ನಾಯಿಯ ಮೂಗು, ಬೈಕಿನ ಹೆಡ್‌ಲೈಟು ಎಲ್ಲವನ್ನೂ ಉಬ್ಬಿಸಿ ತೆಗೆದದ್ದೇ ತೆಗೆದದ್ದು. ಎರಡನೇ ವಾರ ಬೆಟ್ಟ ಹತ್ತಿ ಭೂಮಿಯನ್ನು ಚೆಂಡು ಮಾಡಿದ್ದಾಯಿತು. ಆಮೇಲೆ ಲೆನ್ಸು ಬ್ಯಾಗಿನ ಮೂಲೆ ಸೇರುತ್ತದೆ. ಒಂದು ದಿನ ಸೆಕೆಂಡ್‌ಹ್ಯಾಂಡ್ ಜಾಹೀರಾತಿನಲ್ಲಿ ‘ಹೆಚ್ಚು ಬಳಸಿಲ್ಲ, ಹೊಸದರಂತಿದೆ’ ಅಂತ ಕಾಣಿಸಿಕೊಳ್ಳುತ್ತದೆ. ಬೇರೆ ಲೆನ್ಸಿನ ವಿಷಯದಲ್ಲಿ ಆ ಮಾತನ್ನು ನಂಬಬೇಕೋ ಬೇಡವೋ ಗೊತ್ತಿಲ್ಲ, ಫಿಶ್‌ಐ ವಿಷಯದಲ್ಲಿ ಧಾರಾಳವಾಗಿ ನಂಬಬಹುದು.

ಕೈಗೆ ಸಿಕ್ಕಿದ್ದನ್ನೆಲ್ಲ ಬಗ್ಗಿಸುತ್ತಾ ಹೋದರೆ ಹತ್ತು ಫೋಟೊ ಆಗುವಷ್ಟರಲ್ಲಿ ಬೇಜಾರು ಬರುವುದು ಸಹಜ, ಅಲ್ವಾ? ಆದರೆ ಈ ಲೆನ್ಸು ಮನಸ್ಸಿಗೆ ಬಂದ ಹಾಗೆ ಬಗ್ಗಿಸುವುದಿಲ್ಲ. ಅದಕ್ಕೊಂದು ಕಟ್ಟುನಿಟ್ಟಾದ ನಿಯಮ ಇದೆ. ಫ್ರೇಮಿನ ನಟ್ಟನಡುವೆ ಹಾದುಹೋಗುವ ಗೆರೆ ನೇರವಾಗಿಯೇ ಉಳಿಯುತ್ತದೆ. ಉಳಿದ ನೇರ ಗೆರೆಗಳೆಲ್ಲ ಹೊರಕ್ಕೆ ಉಬ್ಬುತ್ತವೆ. ನಡುವಿನಿಂದ ದೂರ ಹೋದಷ್ಟೂ ಉಬ್ಬು ಜಾಸ್ತಿ. ಇಷ್ಟು ತಲೆಯಲ್ಲಿ ಕೂತರೆ ಯಾವ ಗೆರೆಯನ್ನು ಬಗ್ಗಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಮುಂದೆ ಹೇಳುವ ಎಲ್ಲದಕ್ಕೂ ಇದೇ ಬುಡ.

ಬಾಗಲೇಬೇಕಾ?

ಸಾಮಾನ್ಯ ಲೆನ್ಸು ಗೋಡೆ, ಕಂಬ, ಬಾಗಿಲಿನ ಚೌಕಟ್ಟು ಎಲ್ಲವನ್ನೂ ನೆಟ್ಟಗೆ ತೋರಿಸುತ್ತದೆ. ಹಾಗೆ ತೋರಿಸಬೇಕಾದರೆ ಅಂಚಿಗೆ ಹೋದಂತೆಲ್ಲ ಚಿತ್ರವನ್ನು ಹಿಡಿದು ಎಳೆಯಲೇಬೇಕು. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಹಳೆಯ ಫಿಲ್ಮ್ ಫ್ರೇಮಿನಷ್ಟೇ ದೊಡ್ಡದಿರುವ ಕ್ಯಾಮೆರಾಕ್ಕೆ, 15 ಎಂಎಂ ಫೋಕಲ್ ಲೆಂತ್‌ನ ಮಾಮೂಲಿ ವೈಡ್ ಲೆನ್ಸ್ ಹಾಕಿ ನೋಡಿ. ಈ ಎಂಎಂ ಸಂಖ್ಯೆ ಇಳಿದಷ್ಟೂ ನೋಟ ಅಗಲ. ಮೂಲೆಯಿಂದ ಮೂಲೆಗೆ ಸುಮಾರು 110 ಡಿಗ್ರಿ ಕಾಣುತ್ತದೆ. ಆದರೆ ಆ ಮೂಲೆಗೆ ಒಬ್ಬರ ತಲೆ ಬಂತು ಅಂದುಕೊಳ್ಳಿ. ಅದು ಒಂದು ದಿಕ್ಕಿಗೆ ಸುಮಾರು ಮೂರು ಪಟ್ಟು, ಇನ್ನೊಂದು ದಿಕ್ಕಿಗೆ ಒಂದೂಮುಕ್ಕಾಲು ಪಟ್ಟು ಹಿಗ್ಗಿರುತ್ತದೆ. ಮದುವೆಯ ಗ್ರೂಪ್ ಫೋಟೊದಲ್ಲಿ ಸಾಲಿನ ತುದಿಗೆ ನಿಂತ ಚಿಕ್ಕಪ್ಪ ಇರುವುದಕ್ಕಿಂತ ದಪ್ಪ ಕಾಣುವುದು ಇದಕ್ಕೇ. 10 ಎಂಎಂಗೆ ಇಳಿದರೆ 130 ಡಿಗ್ರಿ ಸಿಗುತ್ತದೆ, ಎಳೆತ ಇನ್ನೂ ಜಾಸ್ತಿಯಾಗುತ್ತದೆ. 180 ಡಿಗ್ರಿಯನ್ನು ಹೀಗೆ ನೇರ ಗೆರೆಗಳಲ್ಲೇ ಹಿಡಿಯುತ್ತೇನೆ ಅಂತ ಹೊರಟರೆ ಕೊನೆಯೇ ಇಲ್ಲದಷ್ಟು ಅಗಲದ ಸೆನ್ಸರ್ ಬೇಕು. ಶಾಲೆಯಲ್ಲಿ ಟ್ಯಾನ್ 90 ಡಿಗ್ರಿ ಅಂದರೆ ಅನಂತ ಅಂತ ಉರು ಹೊಡೆದಿದ್ದೆವಲ್ಲ, ಅದೇ ಲೆಕ್ಕ ಇಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಫಿಶ್‌ಐ ಆ ಹಟವನ್ನೇ ಬಿಟ್ಟುಬಿಡುತ್ತದೆ. ಗೆರೆ ಬಾಗಿದರೆ ಬಾಗಲಿ, ಎಲ್ಲವೂ ಒಳಗೆ ಹಿಡಿಸಲಿ ಅನ್ನುತ್ತದೆ. ತಿಕ್ಕಿ ತೊಳೆದ ಸ್ಟೀಲ್ ಚೊಂಬಿನ ಹೊಟ್ಟೆಯಲ್ಲಿ ಇಡೀ ಅಡುಗೆಮನೆ ಕಾಣುತ್ತದಲ್ಲ, ಹಾಗೆ. ಅದೇ 15 ಎಂಎಂ, ಅದೇ ಸೆನ್ಸರ್. ಆದರೆ ಮೂಲೆಯಿಂದ ಮೂಲೆಗೆ 180 ಡಿಗ್ರಿ. ಇದನ್ನು ಡಯಾಗೊನಲ್ ಫಿಶ್‌ಐ ಅನ್ನುತ್ತಾರೆ. ಫ್ರೇಮ್ ಪೂರ್ತಿ ತುಂಬುತ್ತದೆ, ಆದರೆ 180 ಡಿಗ್ರಿ ಇರುವುದು ಮೂಲೆಗಳಲ್ಲಿ ಮಾತ್ರ. ಉದ್ದದ ದಿಕ್ಕಿಗೆ ಸುಮಾರು 147 ಡಿಗ್ರಿ, ಗಿಡ್ಡ ದಿಕ್ಕಿಗೆ 94ರ ಆಸುಪಾಸು. ಈ 94 ನೆನಪಿರಲಿ, ಮುಂದೆ ಬಚ್ಚಿಟ್ಟುಕೊಳ್ಳೋಕೆ ಬೇಕಾಗುತ್ತದೆ. ಇನ್ನೊಂದು ಜಾತಿ ಸರ್ಕ್ಯುಲರ್ ಫಿಶ್‌ಐ. 8 ಎಂಎಂನ ಇಂಥ ಲೆನ್ಸು ಸುಮಾರು 23 ಎಂಎಂ ಅಗಲದ ದುಂಡನೆಯ ಚಿತ್ರ ಮೂಡಿಸುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಎಂಎಂ. ಹಾಗಾಗಿ ಇಡೀ ವೃತ್ತ ಒಳಗೇ ಕೂರುತ್ತದೆ, ಸುತ್ತ ಕಪ್ಪು. ಎಲ್ಲ ದಿಕ್ಕಿಗೂ 180 ಡಿಗ್ರಿ.

ಬಗ್ಗಿಸುವುದರಲ್ಲೂ ಬೇರೆ ಬೇರೆ ರೀತಿಗಳಿವೆ. ಕ್ಯಾಮೆರಾ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಬಹಳಷ್ಟು ಫಿಶ್‌ಐ ಲೆನ್ಸುಗಳು ವಿಸ್ತೀರ್ಣವನ್ನು ಕಾಪಾಡುತ್ತವೆ. ಆಕಾಶದ ಒಂದು ತುಂಡು ನಡುವೆ ಇದ್ದರೂ ಅಂಚಿನಲ್ಲಿದ್ದರೂ ಫೋಟೊದಲ್ಲಿ ಅಷ್ಟೇ ಜಾಗ ತೆಗೆದುಕೊಳ್ಳುತ್ತದೆ. ಆದರೆ ಆಕಾರ ಕೆಡುತ್ತದೆ. 180 ಡಿಗ್ರಿಯ ಕೊನೆಯಂಚಿನಲ್ಲಿ ದುಂಡನೆಯ ವಸ್ತುವಿನ ದಪ್ಪ ಉದ್ದದ ಅರ್ಧಕ್ಕಿಳಿದು ಅಮುಕಿದ ಹಾಗೆ ಕಾಣುತ್ತದೆ. ಇನ್ನು ಕೆಲವು ಸ್ಟೀರಿಯೊಗ್ರಾಫಿಕ್ ಲೆನ್ಸುಗಳು. ಇವು ಆಕಾರವನ್ನು ಉಳಿಸಿಕೊಳ್ಳುತ್ತವೆ, ಗಾತ್ರವನ್ನು ಬಿಟ್ಟುಕೊಡುತ್ತವೆ. ಅಂಚಿನಲ್ಲಿ ನಿಂತ ಮನುಷ್ಯ ಮನುಷ್ಯನ ಹಾಗೇ ಕಾಣುತ್ತಾನೆ, ಸ್ವಲ್ಪ ದೊಡ್ಡವನಾಗಿ. ಕ್ರಾಪ್ ಸೆನ್ಸರಿಗೆ, ಅಂದರೆ ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರಿಗೆ, ಬರುವ ಸಾಮ್ಯಾಂಗ್ 8 ಎಂಎಂ ಈ ಜಾತಿಯದು. ಜನರನ್ನು ಜಾಸ್ತಿ ತೆಗೆಯುವವರು ಈ ವ್ಯತ್ಯಾಸ ತಿಳಿದುಕೊಂಡು ಕೊಂಡರೆ ಒಳ್ಳೆಯದು.

ಹುಟ್ಟಿದ್ದು ತಮಾಷೆಗಲ್ಲ

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್‌ಗೆ ನೀರೊಳಗಿಂದ ಮೀನಿಗೆ ಹೊರಗಿನ ಲೋಕ ಹೇಗೆ ಕಾಣುತ್ತದೆ ಅನ್ನುವ ಕುತೂಹಲ ಹುಟ್ಟಿತು. ನೀರಿನಡಿಯಿಂದ ಮೇಲೆ ನೋಡಿದರೆ ದಡದಿಂದ ದಡಕ್ಕೆ ಇಡೀ ಆಕಾಶ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯಲ್ಲಿ ಒಟ್ಟಾಗಿ ಕಾಣುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದರ ಫಲ ಅದು. ವುಡ್ ನೀರು ತುಂಬಿದ, ಸೂಜಿಮೊನೆಯಷ್ಟು ತೂತಿನ ಒಂದು ಕ್ಯಾಮೆರಾ ಮಾಡಿ ಆ ನೋಟವನ್ನು ಫೋಟೊ ತೆಗೆದರು. 1906ರಲ್ಲಿ ಅದರ ಬಗ್ಗೆ ಬರೆದರು. ಫಿಶ್‌ಐ ಅನ್ನುವ ಹೆಸರು ಬಂದದ್ದು ಅಲ್ಲಿಂದ.

ನೀರಿನ ಬದಲು ಗಾಜು ಬಂದದ್ದು 1920ರ ದಶಕದಲ್ಲಿ. ಇಂಗ್ಲೆಂಡಿನ ರಾಬಿನ್ ಹಿಲ್ ಮೋಡಗಳನ್ನು ಅಳೆಯೋಕೆ, ಇಡೀ ಆಕಾಶವನ್ನು ಒಂದೇ ಸಲ ಹಿಡಿಯುವ ಲೆನ್ಸ್ ಮಾಡಿದರು. ಈ ಹಿಲ್ ಯಾರು ಗೊತ್ತಾ? ಗಿಡಗಳ ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ‘ಹಿಲ್ ಕ್ರಿಯೆ’ ಅಂತ ಬರುತ್ತದಲ್ಲ, ಅದೇ ಹಿಲ್. ಮುಂದೆ 1938ರಲ್ಲಿ ಜಪಾನಿನ ನಿಪ್ಪಾನ್ ಕೊಗಾಕು, ಅಂದರೆ ಇವತ್ತಿನ ನಿಕಾನ್, ಇಂಥದೇ ಲೆನ್ಸ್ ಮಾಡಿತು. ಅದೂ ಹವಾಮಾನದ ಕೆಲಸಕ್ಕೇ. ಮಾಮೂಲಿ ಫೋಟೊಗ್ರಾಫರ್ ತನ್ನ ಕ್ಯಾಮೆರಾಕ್ಕೆ ಸಿಕ್ಕಿಸಿಕೊಳ್ಳಬಹುದಾದ 8 ಎಂಎಂ ಫಿಶ್‌ಐ ನಿಕಾನ್‌ನಿಂದ ಬಂದದ್ದು 1962ರಲ್ಲಿ. 1970ರ ಹೊತ್ತಿಗೆ ಅವರು 220 ಡಿಗ್ರಿ ನೋಡುವ 6 ಎಂಎಂ ಲೆನ್ಸನ್ನೂ ತೋರಿಸಿದರು. 5.2 ಕೆಜಿ ತೂಕ. ಅದು ತನ್ನ ಬೆನ್ನ ಹಿಂದಿನದನ್ನೂ ಸ್ವಲ್ಪ ನೋಡುತ್ತದೆ, ಅಂದರೆ ಫೋಟೊ ತೆಗೆಯುವವರೇ ಫೋಟೊದಲ್ಲಿ ಬೀಳುವ ಅಪಾಯ ಇರುವ ಲೆನ್ಸು.

ಅಳತೆಯ ಕೆಲಸ ಇವತ್ತಿಗೂ ನಿಂತಿಲ್ಲ. ಕಾಡಿನಲ್ಲಿ ಎಲೆಗಳ ದಟ್ಟಣೆ ಅಳೆಯುವವರು ಫಿಶ್‌ಐ ಹಾಕಿದ ಕ್ಯಾಮೆರಾವನ್ನು ಮೇಲ್ಮುಖ ಮಾಡಿ ಇಟ್ಟು ಫೋಟೊ ತೆಗೆಯುತ್ತಾರೆ. ಎಷ್ಟು ಭಾಗ ಎಲೆ, ಎಷ್ಟು ಭಾಗ ಆಕಾಶ ಅಂತ ಕಂಪ್ಯೂಟರ್ ಎಣಿಸುತ್ತದೆ. ಮೇಲೆ ಹೇಳಿದ, ವಿಸ್ತೀರ್ಣ ಕಾಪಾಡುವ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಖಗೋಳ ವೀಕ್ಷಣಾಲಯಗಳಲ್ಲಿ ರಾತ್ರಿಯಿಡೀ ಮೋಡ ಕಾಯುವ ಕ್ಯಾಮೆರಾಗಳೂ ಇವೇ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೆ ಹೋಗಿದ್ದರೆ ನೀವು ಫಿಶ್‌ಐ ಚಿತ್ರವನ್ನು ಒಳಗಡೆಯಿಂದಲೇ ನೋಡಿದ್ದೀರಿ. ಅಲ್ಲಿನಂಥ ಗುಮ್ಮಟಕ್ಕೆ ಮಾಡುವ ಡಿಜಿಟಲ್ ಸಿನಿಮಾದ ಪ್ರತಿ ಫ್ರೇಮೂ ಚಪ್ಪಟೆ ಪರದೆಯ ಮೇಲೆ ಒಂದು ದುಂಡು ಫಿಶ್‌ಐ ಚಿತ್ರವೇ. ಗುಮ್ಮಟದ ಮೇಲೆ ಬಿದ್ದಾಗ ಬಾಗಿದ್ದೆಲ್ಲ ಮತ್ತೆ ನೆಟ್ಟಗಾಗುತ್ತದೆ.

ಅಡಿಕೆ ತೋಟದಲ್ಲಿ ಮಲಗಿ

ಈಗ ನಿಯಮವನ್ನು ಕೈಗೆ ತೆಗೆದುಕೊಳ್ಳೋಣ. ಇದಕ್ಕೆ ಅಡಿಕೆ ತೋಟಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಯಾವ ತೋಟವಾದರೂ ಸರಿ. ಸಾಲುಸಾಲು ಮರ, ಮರದಿಂದ ಮರಕ್ಕೆ ಹೆಚ್ಚುಕಮ್ಮಿ ಒಂಬತ್ತು ಅಡಿ, ಎಲ್ಲವೂ ನೆಟ್ಟಗೆ. ಮಾಮೂಲಿ ಲೆನ್ಸಿನಲ್ಲಿ ಇದು ಕಂಬಗಳ ಗುಂಪಾಗಿ ಕಾಣುತ್ತದೆ, ಎತ್ತರವೇ ಸಿಗುವುದಿಲ್ಲ.

ಕ್ಯಾಮೆರಾವನ್ನು ಒಂದು ಒಣಗಿದ ಅಡಿಕೆ ಹಾಳೆಯ ಮೇಲೆ ಅಂಗಾತ ಇಡಿ. ಮುಖ ಸರಿಯಾಗಿ ಆಕಾಶಕ್ಕೆ ಇರಲಿ. ಕ್ಯಾಮೆರಾದಲ್ಲೇ ಲೆವೆಲ್ ತೋರಿಸುವ ಸೌಲಭ್ಯ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಮೊಬೈಲಿನ ಲೆವೆಲ್ ಆ್ಯಪ್ ಸಾಕು. ಹತ್ತು ಸೆಕೆಂಡಿನ ಟೈಮರ್ ಹಾಕಿ ದೂರ ಸರಿಯಿರಿ. ಫೋಟೊ ನೋಡಿದರೆ ಆಶ್ಚರ್ಯವಾಗುತ್ತದೆ. ಯಾವ ಮರವೂ ಬಾಗಿರುವುದಿಲ್ಲ. ಅಷ್ಟೂ ಮರಗಳು ಅಂಚಿನಿಂದ ನಡುವಿಗೆ ಬಾಣದ ಹಾಗೆ ನುಗ್ಗಿರುತ್ತವೆ, ತುದಿಯಲ್ಲಿ ಸೋಗೆಗಳು ಆಕಾಶವನ್ನು ಸುತ್ತಿಕೊಂಡಿರುತ್ತವೆ. ಬಗ್ಗಿಸುವುದಕ್ಕೇ ಹೆಸರಾದ ಲೆನ್ಸು ಇಲ್ಲಿ ಒಂದು ಕಾಂಡವನ್ನೂ ಬಗ್ಗಿಸಿಲ್ಲ!

ಕಾರಣ ಸರಳ. ನೆಟ್ಟಗೆ ನಿಂತ ಎಲ್ಲವೂ ಕಣ್ಣಿಗೆ ನೆತ್ತಿಯ ಮೇಲಿನ ಒಂದೇ ಬಿಂದುವಿನ ಕಡೆ ಹೋದಂತೆ ಕಾಣುತ್ತದೆ. ನೀವು ಆ ಬಿಂದುವನ್ನು ಫ್ರೇಮಿನ ನಟ್ಟನಡುವೆ ಇಟ್ಟಿದ್ದೀರಿ. ಪ್ರತಿ ಮರವೂ ನಡುವಿಗೆ ಹೋಗುವ ಗೆರೆಯಾಯಿತು. ನಡುವಿನ ಮೂಲಕ ಹೋಗುವ ಗೆರೆ ಬಾಗುವುದಿಲ್ಲ. ಈಗ ಕ್ಯಾಮೆರಾದ ಒಂದು ಬದಿಗೆ ಅಡಿಕೆ ಹೋಳು ಕೊಟ್ಟು ಸ್ವಲ್ಪ ಓರೆ ಮಾಡಿ. ನೆತ್ತಿಯ ಬಿಂದು ಪಕ್ಕಕ್ಕೆ ಸರಿಯುತ್ತದೆ. ಓರೆ ಮಾಡಿದ ದಿಕ್ಕಿನ ಸಾಲಿನಲ್ಲಿರುವ ಮರಗಳು ನೇರವಾಗಿಯೇ ಉಳಿಯುತ್ತವೆ, ಎಡಬಲದ ಮರಗಳು ಮಾತ್ರ ಬಿಲ್ಲಾಗುತ್ತವೆ. ಇನ್ನೂ ಓರೆ ಮಾಡುತ್ತಾ ಹೋಗಿ ಕ್ಯಾಮೆರಾ ಎದುರಿಗೆ ನೋಡುವಂತೆ ನಿಲ್ಲಿಸಿದರೆ ಮಧ್ಯದ ಒಂದು ಮರ ನೆಟ್ಟಗೆ, ಉಳಿದವು ಅದನ್ನು ಎರಡೂ ಕಡೆಯಿಂದ ಬಳಸಿ ನಿಂತಂತೆ. ಒಂದೇ ಜಾಗ, ಒಂದೇ ಲೆನ್ಸ್. ಬದಲಾದದ್ದು ಕ್ಯಾಮೆರಾದ ಓರೆ ಮಾತ್ರ. ಈ ಒಂದು ಅಭ್ಯಾಸ ಮಾಡಿಬಿಟ್ಟರೆ ಫಿಶ್‌ಐ ಬಗ್ಗೆ ಅರ್ಧ ಕಲಿತ ಹಾಗೆ.

ಫೋಟೊದಲ್ಲಿ ನೀವೇ ಬೀಳದ ಹಾಗೆ ಎಲ್ಲಿ ಬಚ್ಚಿಟ್ಟುಕೊಳ್ಳುವುದು? ಡಯಾಗೊನಲ್ ಲೆನ್ಸಾದರೆ ಆ 94 ಡಿಗ್ರಿಯ ಗಿಡ್ಡ ದಿಕ್ಕಿಗೆ ಹೋಗಿ ಕೂತರೆ ಸಾಕು, ಕಾಣುವುದಿಲ್ಲ. ಮೂಲೆಯ ಕಡೆ ಹೋದರೆ ಸಿಕ್ಕಿಬೀಳುತ್ತೀರಿ. ಸರ್ಕ್ಯುಲರ್ ಆದರೆ ದಾರಿಯೇ ಇಲ್ಲ, ಮರದ ಹಿಂದೆ ನಿಲ್ಲಬೇಕು ಅಥವಾ ಲೆನ್ಸಿಗಿಂತ ತಗ್ಗಿನಲ್ಲಿ ಮಲಗಬೇಕು. ಬೇಸಿಗೆಯ ಮಧ್ಯಾಹ್ನ ಮಾತ್ರ ಹೋಗಬೇಡಿ. ನಮ್ಮ ಕಡೆ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ಅಂದರೆ ನಿಮ್ಮ ಫ್ರೇಮಿನ ನಡುವಿಗೇ. ಮರಗಳೆಲ್ಲ ಕರಿ ಕಡ್ಡಿಗಳಾಗುತ್ತವೆ. ಮೋಡ ಕವಿದ ದಿನ ಅಥವಾ ಮಂಜಿನ ಬೆಳಗ್ಗೆ ಒಳ್ಳೆಯದು.

ಅಡಿಕೆ ಗೊನೆ ಕೊಯ್ಲಿನ ಸಮಯದಲ್ಲಿ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಮರದಿಂದ ಮರಕ್ಕೆ ತೂಗಿ ದಾಟುವುದನ್ನು ಹೀಗೆ ಕೆಳಗಿನಿಂದ ತೆಗೆಯಬೇಕು ಅನ್ನಿಸಬಹುದು. ಚೆನ್ನಾಗಿ ಬರುವುದಿಲ್ಲ. ನಲವತ್ತೈವತ್ತು ಅಡಿ ಮೇಲಿರುವ ಮನುಷ್ಯ ಈ ಲೆನ್ಸಿಗೆ ಇರುವೆಯಷ್ಟು. ಅಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸೇ ಸರಿ.

ವಿಜಯಪುರದ ಗೋಳಗುಮ್ಮಟದಲ್ಲೂ ಇದೇ ಪಾಠ, ಮರದ ಬದಲು ವೃತ್ತಗಳಲ್ಲಿ. ಚೌಕಾಕಾರದ ಹಜಾರ, ಅದರ ಮೇಲೆ ಒಂದನ್ನೊಂದು ಕತ್ತರಿಸುವ ಕಮಾನುಗಳು, ಅವುಗಳ ಮೇಲೆ ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಮಧ್ಯದಲ್ಲಿ ಒಂದು ಕಂಬವೂ ಇಲ್ಲ. ಚೌಕ ಹೇಗೆ ವೃತ್ತವಾಯಿತು ಅನ್ನುವುದನ್ನು ಒಂದೇ ಫೋಟೊದಲ್ಲಿ ತೋರಿಸಬೇಕಾದರೆ ಫಿಶ್‌ಐ ಬಿಟ್ಟು ಬೇರೆ ದಾರಿ ಇಲ್ಲ. ಗುಮ್ಮಟದ ನೆತ್ತಿ ನಡುವೆ ಬಂದರೆ ವೃತ್ತಗಳೆಲ್ಲ ಒಂದರೊಳಗೊಂದು ವೃತ್ತಗಳಾಗಿಯೇ ಕೂರುತ್ತವೆ. ತೊಂದರೆ ಏನೆಂದರೆ ಹಜಾರದ ನಟ್ಟನಡುವೆ ಗೋರಿಗಳ ಕಟ್ಟೆ ಇದೆ, ನೀವು ಪಕ್ಕದಲ್ಲೇ ನಿಲ್ಲಬೇಕು. ಆಗ ಒಂದು ನಿರ್ಧಾರ ಮಾಡಿ. ಚೂರೇ ಚೂರು ಆಚೀಚೆ ಆದ ಫೋಟೊ ಎಲ್ಲಕ್ಕಿಂತ ಕೆಟ್ಟದು, ನೋಡುವವರಿಗೆ ನಿಮ್ಮ ಕೈ ನಡುಗಿತು ಅನ್ನಿಸುತ್ತದೆ. ನಡುವೆ ಇಡಲಾಗದಿದ್ದರೆ ಧೈರ್ಯವಾಗಿ ಮೂಲೆಗೆ ಹೋಗಿ. ಒಂದು ಕಮಾನು ಹತ್ತಿರ ದೊಡ್ಡದಾಗಿ ಬರಲಿ, ಗುಮ್ಮಟ ಅದರಾಚೆ ಓರೆಯಾಗಿ ತೇಲಲಿ. ಟ್ರೈಪಾಡ್ ಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದಿದ್ದರೆ ಕೈಯಲ್ಲೇ ಹಿಡಿಯಿರಿ. 15 ಎಂಎಂನಲ್ಲಿ ಸೆಕೆಂಡಿನ ಹದಿನೈದನೇ ಒಂದು ಭಾಗದ ಶಟರ್ ಕೂಡ ಉಸಿರು ಬಿಗಿಹಿಡಿದರೆ ನಿಲ್ಲುತ್ತದೆ.

ದಿಗಂತ: ಚೆಂಡು, ಬೋಗುಣಿ ಅಥವಾ ನೇರ

ಸಮುದ್ರದ ದಿಗಂತದಷ್ಟು ನಿಷ್ಠುರವಾದ ಗೆರೆ ಇನ್ನೊಂದಿಲ್ಲ. ಚೂರು ಬಾಗಿದರೂ ಗೊತ್ತಾಗಿಬಿಡುತ್ತದೆ. ಕ್ಯಾಮೆರಾ ಕೆಳಗೆ ಬಾಗಿಸಿದರೆ ದಿಗಂತ ಫ್ರೇಮಿನ ಮೇಲ್ಭಾಗಕ್ಕೆ ಹೋಗುತ್ತದೆ, ಮೇಲಕ್ಕೆ ಉಬ್ಬುತ್ತದೆ, ಭೂಮಿ ಚೆಂಡಾಗುತ್ತದೆ. ಮೇಲೆ ಎತ್ತಿದರೆ ದಿಗಂತ ಕೆಳಗಿಳಿದು ಬೋಗುಣಿಯಾಗುತ್ತದೆ. ಸರಿಯಾಗಿ ನಡುವೆ ಇಟ್ಟರೆ ಸ್ಕೇಲ್ ಹಿಡಿದು ಎಳೆದ ಹಾಗೆ ನೇರ.

ಚೆಂಡಿನ ಫೋಟೊ ಎಲ್ಲರೂ ತೆಗೆಯುತ್ತಾರೆ. ನನಗೆ ಹೆಚ್ಚು ಇಷ್ಟ ಕೊನೆಯದು. ದಿಗಂತ ನಡುವೆ ಇದ್ದು, ಸುತ್ತಮುತ್ತ ಕಟ್ಟಡ, ಕಂಬ, ತಂತಿ ಯಾವುದೂ ಇಲ್ಲದಿದ್ದರೆ ಇದು ಫಿಶ್‌ಐ ಫೋಟೊ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ. ಮೋಡ, ಅಲೆ, ಮರಳು, ಬಂಡೆ ಇವುಗಳಿಗೆ ನೇರ ಗೆರೆಯೇ ಇಲ್ಲ. ಯಾಣದ ಬಂಡೆ ಬಾಗಿದೆಯೋ ಮೊದಲಿಂದಲೂ ಹಾಗೇ ಇದೆಯೋ, ಯಾರು ಹೇಳಬೇಕು? ನೋಡುವವರಿಗೆ ಎಷ್ಟೊಂದು ಅಗಲ ಅಂತ ಅನ್ನಿಸುತ್ತದೆ, ಲೆನ್ಸಿನ ಮೇಲೆ ಅನುಮಾನ ಬರುವುದಿಲ್ಲ. ಮಾಮೂಲಿ ವೈಡ್ ಲೆನ್ಸಿನಲ್ಲಿ ಅಂಚಿನ ಮೋಡಗಳು ಎಳೆದು ಹರಿದಂತೆ ಕಾಣುವ ಕಡೆಯಲ್ಲೂ ಫಿಶ್‌ಐ ಅವುಗಳ ಆಕಾರವನ್ನು ಎಷ್ಟೋ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಕಾಡು, ಗುಹೆ, ನದಿಪಾತ್ರಕ್ಕೆ ವೈಡ್ ಲೆನ್ಸಿಗಿಂತ ಇದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಕಟ್ಟಡಕ್ಕೆ ಬಂದರೆ ಪ್ರಶ್ನೆ ಒಂದೇ. ಬಾಗಿದ ಗೆರೆಗೆ ಅಲ್ಲಿ ಏನಾದರೂ ಕೆಲಸ ಇದೆಯಾ? ಫ್ಲೈಓವರ್, ಮೆಟ್ರೊ ಸುರಂಗ, ಸುತ್ತು ಮೆಟ್ಟಿಲು ಇವು ಮೊದಲೇ ಬಾಗಿರುವಂಥವು. ಅವುಗಳ ಬಾಗನ್ನು ಲೆನ್ಸು ಇನ್ನಷ್ಟು ಹೆಚ್ಚಿಸುತ್ತದೆ, ಅಷ್ಟೇ. ಚೌಕಾಕಾರದ ಆಫೀಸ್ ಕಟ್ಟಡವನ್ನು ಬಗ್ಗಿಸಿದರೆ ಸುಮ್ನೆ ಡೊಂಕಾದ ಆಫೀಸ್ ಕಟ್ಟಡ ಸಿಗುತ್ತದೆ.

ಹತ್ತಿರ ಹೋಗಿ, ಇನ್ನೂ ಹತ್ತಿರ

ಮೂಗು ದಪ್ಪ ಕಾಣುವುದು ಫಿಶ್‌ಐ ಕಾರಣದಿಂದ ಅಂತ ಎಲ್ಲರೂ ತಿಳಿದಿದ್ದಾರೆ. ಅಸಲಿಗೆ ಅದರ ಹೆಚ್ಚಿನ ಪಾಲು ದೂರದ ಕೆಲಸ. ಲೆನ್ಸಿನಿಂದ ಮೂಗು 15 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 27ರಲ್ಲಿ ಇರುತ್ತದೆ. ಮೂಗು ಕಿವಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ದೊಡ್ಡದಾಗಿ ಕಾಣಲೇಬೇಕು. ಅದೇ ಮುಖವನ್ನು ಒಂದೂವರೆ ಮೀಟರ್ ದೂರದಿಂದ ತೆಗೆದರೆ ವ್ಯತ್ಯಾಸ ನೂರಕ್ಕೆ ಎಂಟರಷ್ಟು ಮಾತ್ರ. ಫಿಶ್‌ಐ ಮಾಡುವುದೇನೆಂದರೆ ಅಷ್ಟು ಹತ್ತಿರ ಹೋದ ಮೇಲೂ ಹಿನ್ನೆಲೆಯ ಇಡೀ ಊರನ್ನು ಒಳಗೆ ಉಳಿಸಿಕೊಳ್ಳುತ್ತದೆ. ಬೇರೆ ಲೆನ್ಸು ಅಷ್ಟು ಹತ್ತಿರ ಹೋದರೆ ಮೂಗಿನ ಹೊರತು ಏನೂ ಕಾಣದು.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಸ್ಕೇಟ್‌ಬೋರ್ಡ್ ವಿಡಿಯೊ ತೆಗೆಯುವವರು. 1995ರಲ್ಲಿ ಬಂದ ಸೋನಿ ವಿಎಕ್ಸ್1000 ಕ್ಯಾಮೆರಾಕ್ಕೆ ಒಂದು ಫಿಶ್‌ಐ ಅಡಾಪ್ಟರ್ ಸಿಕ್ಕಿಸಿಕೊಂಡು, ತಾವೂ ಸ್ಕೇಟ್ ಮಾಡುತ್ತಾ, ಆಟಗಾರನ ಚಕ್ರದಿಂದ ಒಂದೆರಡು ಅಡಿ ದೂರದಲ್ಲೇ ಹಿಂಬಾಲಿಸಿದರು. ಎರಡಡಿ ಮೆಟ್ಟಿಲು ನಾಲ್ಕಡಿಯಾಗಿ ಕಂಡಿತು. ಹಾರುವ ಜಾಗ, ಇಳಿಯುವ ಜಾಗ, ಮಧ್ಯದ ಮನುಷ್ಯ ಮೂರೂ ಒಂದೇ ಫ್ರೇಮಿನಲ್ಲಿ. ಆ ನೋಟವೇ ಆ ಆಟದ ಗುರುತಾಗಿಬಿಟ್ಟಿತು.

ನಮ್ಮಲ್ಲಿ ಇಂಥ ಇಕ್ಕಟ್ಟಿನ ಜಾಗ ಅಂದರೆ ಯಕ್ಷಗಾನದ ಚೌಕಿ. ಕಲಾವಿದರು ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ, ಮುಂದೆ ಪೆಟ್ಟಿಗೆ, ಕೈಯಲ್ಲಿ ಕನ್ನಡಿ, ಹಿಂದೆ ನೇತುಹಾಕಿದ ವೇಷಭೂಷಣ. ಹಿಂದಕ್ಕೆ ಸರಿಯೋಣ ಅಂದರೆ ಜಾಗವೇ ಇಲ್ಲ. ಕೇಳಿ, ಒಪ್ಪಿಗೆ ಪಡೆದು, ಒಬ್ಬರ ಎದುರು ಕೂತುಕೊಳ್ಳಿ. ಬಣ್ಣದ ಕಡ್ಡಿ ಹಿಡಿದ ಕೈ ಲೆನ್ಸಿನಿಂದ ಒಂದಡಿ, ಮುಖ ಅದಕ್ಕಿಂತ ಒಂದಡಿ ಹಿಂದೆ, ಫ್ರೇಮಿನ ನಡುವಿಗೆ ಹತ್ತಿರ. ಕೈ ದೊಡ್ಡದಾಗುತ್ತದೆ, ಆಗಲಿ. ಈ ಫೋಟೊ ಇರುವುದೇ ಆ ಕೈಯ ಬಗ್ಗೆ. ಎಡಬಲದಲ್ಲಿ ಉಳಿದವರ ಸಾಲು ಬಾಗಿ ಅವರನ್ನು ಸುತ್ತುವರಿಯುತ್ತದೆ, ಮೇಲಿನ ಬೊಂಬು ಮತ್ತು ಬಟ್ಟೆ ಕಮಾನಾಗುತ್ತದೆ. ಬಾಗುವಿಕೆ ಇಲ್ಲಿ ಇಕ್ಕಟ್ಟನ್ನೇ ಹೇಳುತ್ತಿದೆ. ಒಂದು ಎಚ್ಚರ ಬೇಕು. ಅಂಚಿನಲ್ಲಿ ಇನ್ನೊಬ್ಬರ ಮುಖ ಬರದಂತೆ ನೋಡಿಕೊಳ್ಳಿ, ಮೊಣಕಾಲೋ ಪೆಟ್ಟಿಗೆಯೋ ಬಂದರೆ ಪರವಾಗಿಲ್ಲ. ವೇಷ ಹಾಕಿ ಕಿರೀಟ ಏರಿಸಿದ ಕಲಾವಿದರನ್ನು ಸೋರೆಕಾಯಿ ಮಾಡಿ ತೋರಿಸುವುದು ಅಗೌರವ.

ಫೋಕಸ್ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯ ಕಡಿಮೆ. ಫುಲ್‌ಫ್ರೇಮಿನಲ್ಲಿ 15 ಎಂಎಂ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/8, ಫೋಕಸ್ ಒಂದು ಮೀಟರಿಗೆ ಇಟ್ಟರೆ ಅರ್ಧ ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ಅದಕ್ಕೇ ಮ್ಯಾನ್ಯುಯಲ್ ಫೋಕಸ್‌ನ ಅಗ್ಗದ ಲೆನ್ಸು ಸಾಕಾಗುತ್ತದೆ. ಅರ್ಧ ಮೀಟರಿಗಿಂತ ಹತ್ತಿರ ಹೋದಾಗ, ಚೌಕಿಯ ಆ ಕೈಯಂಥ ಕಡೆ, ಫೋಕಸನ್ನೂ ಅಷ್ಟಕ್ಕೆ ತಿರುಗಿಸಿಕೊಳ್ಳಬೇಕು.

ಕಾಟಗಳು

180 ಡಿಗ್ರಿ ನೋಡುವ ಲೆನ್ಸು ಬೇಡದ್ದನ್ನೂ ನೋಡುತ್ತದೆ. ನಿಮ್ಮ ಚಪ್ಪಲಿ, ಟ್ರೈಪಾಡಿನ ಕಾಲು, ಕ್ಯಾಮೆರಾದ ಪಟ್ಟಿ, ಸಂಜೆಯಾದರೆ ನಿಮ್ಮ ಉದ್ದನೆಯ ನೆರಳು. ಬೆಳಕು ಬೆನ್ನಿಗಿರಲಿ ಅನ್ನುವ ಹಳೇ ಬುದ್ಧಿವಾದ ಇಲ್ಲಿ ಅಷ್ಟು ನಡೆಯುವುದಿಲ್ಲ. ಹೊರಗಡೆ ಸೂರ್ಯ ಹೆಚ್ಚಿನ ಸಲ ಫ್ರೇಮಿನಲ್ಲೇ ಇರುತ್ತಾನೆ. ಅವನನ್ನು ಒಂದು ಕಾಂಡದ ಅಥವಾ ಗೋಪುರದ ಅಂಚಿಗೆ ಅರ್ಧ ಮರೆ ಮಾಡಿ, ಎಫ್/16ಕ್ಕೆ ಇಳಿಸಿದರೆ ನಕ್ಷತ್ರದ ಹಾಗೆ ಕಿರಣಗಳು ಬರುತ್ತವೆ.

ಮುಂದಿನ ಗಾಜು ಉಬ್ಬಿಕೊಂಡಿರುವುದರಿಂದ ಮುಂದೆ ಫಿಲ್ಟರ್ ತಿರುಗಿಸಿ ಹಾಕಲು ಬರುವುದಿಲ್ಲ. ಕೆಲವು ಲೆನ್ಸುಗಳ ಹಿಂಬದಿಯಲ್ಲಿ ತೆಳು ಜೆಲ್ ಫಿಲ್ಟರ್ ಕತ್ತರಿಸಿ ಸಿಕ್ಕಿಸುವ ಜಾಗ ಇರುತ್ತದೆ. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರಿನ ಆಸೆ ಬಿಡಿ. ಇಷ್ಟು ಅಗಲದ ಆಕಾಶದಲ್ಲಿ ಅದು ಒಂದು ಕಡೆ ಗಾಢ ನೀಲಿ, ಇನ್ನೊಂದು ಕಡೆ ಬಿಳಿಚು ಮಾಡಿ ಪಟ್ಟೆ ಹೊಡೆಯುತ್ತದೆ. ಹತ್ತಿರ ಹೋಗುವ ಉತ್ಸಾಹದಲ್ಲಿ ಆ ಉಬ್ಬು ಗಾಜನ್ನು ಏನಕ್ಕಾದರೂ ತಾಗಿಸಿ ಗೀರು ಬೀಳಿಸಿಕೊಳ್ಳುವುದು ಬಹಳ ಸುಲಭ.

ನೆಟ್ಟಗೆ ಮಾಡುವುದು, ಇನ್ನೂ ಬಗ್ಗಿಸುವುದು

ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ನಿಮ್ಮ ಲೆನ್ಸಿನ ಬಾಗನ್ನು ಸರಿಪಡಿಸುವ ಲೆನ್ಸ್ ಪ್ರೊಫೈಲ್ ಹಾಕಿದರೆ ಫಿಶ್‌ಐ ಫೋಟೊ ನೆಟ್ಟಗಾಗುತ್ತದೆ. ಉಚಿತವಾಗಿ ಸಿಗುವ ಹ್ಯೂಜಿನ್ ತಂತ್ರಾಂಶದಲ್ಲಿ ಇನ್ನೂ ಜಾಸ್ತಿ ಆಯ್ಕೆಗಳಿವೆ. ಆದರೆ ಮೇಲೆ ಹೇಳಿದ ಟ್ಯಾನ್ ಲೆಕ್ಕ ಇಲ್ಲೂ ಬಿಡುವುದಿಲ್ಲ. ಮೂಲೆಗಳನ್ನು ಎಳೆದಷ್ಟೂ ಅಲ್ಲಿ ಚಿತ್ರ ಮಸುಕಾಗುತ್ತದೆ, ಒಂದಷ್ಟು ಕತ್ತರಿಸಿಯೂ ಹೋಗುತ್ತದೆ. ಪೂರ್ತಿ ನೆಟ್ಟಗೆ ಮಾಡುವುದಕ್ಕಿಂತ ನಿಂತ ಗೆರೆಗಳನ್ನಷ್ಟೇ ನೆಟ್ಟಗೆ ಮಾಡಿ ಅಡ್ಡ ಗೆರೆಗಳನ್ನು ಬಾಗಲು ಬಿಡುವುದು ಜನರಿರುವ ಫೋಟೊಗೆ ಚೆನ್ನಾಗಿ ಹೊಂದುತ್ತದೆ. ಆ್ಯಕ್ಷನ್ ಕ್ಯಾಮೆರಾದಲ್ಲಿ ‘ಲೀನಿಯರ್’ ಅಂತ ಇರುವ ಆಯ್ಕೆ ಕೂಡ ಒಳಗೊಳಗೇ ನೆಟ್ಟಗೆ ಮಾಡುವ ಇದೇ ಕೆಲಸ.

ಎದುರು ದಾರಿಯೂ ಇದೆ. 360 ಡಿಗ್ರಿ ಕ್ಯಾಮೆರಾ ಅಂದರೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಫಿಶ್‌ಐ ಲೆನ್ಸುಗಳು. 2013ರಲ್ಲಿ ಬಂದ ರಿಕೊ ಥೀಟಾದಿಂದ ಇವು ಜನರ ಕೈಗೆ ಬಂದವು. ಇಂಥ ಕ್ಯಾಮೆರಾ ಇಲ್ಲದಿದ್ದರೆ 8 ಎಂಎಂ ಸರ್ಕ್ಯುಲರ್ ಲೆನ್ಸಿನಲ್ಲಿ ಸುತ್ತ ತಿರುಗುತ್ತಾ ಮೂರು ನಾಲ್ಕು ಫೋಟೊ ತೆಗೆದು ಹೊಲಿದರೂ ಇಡೀ ಗೋಳ ಸಿಗುತ್ತದೆ. ಅದನ್ನು ಸ್ಟೀರಿಯೊಗ್ರಾಫಿಕ್ ರೀತಿಯಲ್ಲಿ ಚಪ್ಪಟೆ ಮಾಡಿದರೆ ನೀವು ಮೊಬೈಲಿನಲ್ಲಿ ನೋಡಿರುವ ‘ಪುಟಾಣಿ ಗ್ರಹ’ ಬರುತ್ತದೆ. ತೇರಿನ ಬೀದಿ, ಊರ ಕೆರೆ, ಮನೆ ಅಂಗಳ ಚೆನ್ನಾಗಿ ಬರುತ್ತವೆ. ಎದುರಿಗೆ ಮಾತ್ರ ಚಂದ ಇದ್ದು ಬೆನ್ನ ಹಿಂದೆ ಪಾರ್ಕಿಂಗ್ ಇರುವ ಜಾಗ ಬರುವುದಿಲ್ಲ.

ರಾತ್ರಿ ಆಕಾಶಕ್ಕೆ ಇನ್ನೊಂದು ಲಾಭ ಇದೆ. ನಕ್ಷತ್ರ ಚುಕ್ಕಿಯಾಗಿಯೇ ಉಳಿಯಬೇಕಾದರೆ 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ ಅನ್ನುವ ಬಾಯಿಲೆಕ್ಕ ಇದೆ. 15 ಎಂಎಂಗೆ 33 ಸೆಕೆಂಡ್ ಬರುತ್ತದೆ. ಇವತ್ತಿನ ಹೆಚ್ಚು ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 20–25ರಲ್ಲಿ ನಿಲ್ಲಿಸುವುದು ಕ್ಷೇಮ. ನಕ್ಷತ್ರಗಳ ಜಾಡನ್ನೇ ತೆಗೆಯುವುದಾದರೆ ಕರ್ನಾಟಕದವರಿಗೆ ಒಂದು ಅನುಕೂಲ ಇದೆ. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 12ರಿಂದ 18 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಸರ್ಕ್ಯುಲರ್ ಲೆನ್ಸನ್ನು ಮೇಲ್ಮುಖ ಮಾಡಿ ಒಂದೆರಡು ಗಂಟೆ ಬಿಟ್ಟರೆ ಉತ್ತರದ ಅಂಚಿನಲ್ಲಿ ಧ್ರುವದ ಸುತ್ತ ಬಳೆಗಳು, ದಕ್ಷಿಣದ ಅಂಚಿನಲ್ಲಿ ಅದಕ್ಕೆ ಎದುರಾಗಿ ಬಾಗಿದ ಜಾಡುಗಳು, ನಡುವೆ ನೆತ್ತಿಯ ಹತ್ತಿರ ಹೆಚ್ಚುಕಮ್ಮಿ ನೇರವಾದ ಗೆರೆಗಳು. ಯುರೋಪಿನಲ್ಲಿ ಕೂತವರಿಗೆ ಎರಡೂ ಕಡೆ ಇಷ್ಟು ಸಮನಾಗಿ ಬಾಗಿದ ಚಿತ್ರ ಸಿಗುವುದಿಲ್ಲ.

ಕೊಳ್ಳುವ ಮೊದಲು

ಸೆನ್ಸರ್ ಅಳತೆ ನೋಡಿಕೊಳ್ಳಿ. ಫುಲ್‌ಫ್ರೇಮಿನ 15 ಎಂಎಂ ಫಿಶ್‌ಐಯನ್ನು ಕ್ರಾಪ್ ಸೆನ್ಸರಿಗೆ ಹಾಕಿದರೆ ಅಂಚುಗಳೆಲ್ಲ ಕತ್ತರಿಸಿಹೋಗಿ, ಫಿಶ್‌ಐಯೂ ಅಲ್ಲದ ವೈಡೂ ಅಲ್ಲದ ಏನೋ ಒಂದು ಉಳಿಯುತ್ತದೆ. ಕ್ರಾಪ್‌ಗೆ ಡಯಾಗೊನಲ್ ಬೇಕೆಂದರೆ 7.5ರಿಂದ 10.5 ಎಂಎಂ ಒಳಗಿನದು ಹುಡುಕಿ. ಕ್ಯಾನನ್ ಮತ್ತು ನಿಕಾನ್‌ನ 8–15 ಎಂಎಂ ಝೂಮ್‌ಗಳು ಫುಲ್‌ಫ್ರೇಮಿನಲ್ಲಿ ಒಂದು ತುದಿಯಲ್ಲಿ ವೃತ್ತ, ಇನ್ನೊಂದು ತುದಿಯಲ್ಲಿ ತುಂಬು ಫ್ರೇಮ್ ಕೊಡುತ್ತವೆ, ಬೆಲೆಯೂ ಹಾಗೇ ಇದೆ. ದೊಡ್ಡ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಮೊದಲು ಒಂದು ಶನಿವಾರ, ಭಾನುವಾರಕ್ಕೆ ಬಾಡಿಗೆಗೆ ತಂದು ನೋಡುವುದು ಜಾಣತನ.

ಮೊಬೈಲ್ ಮಾತ್ರ ಇರುವವರಿಗೆ ಒಂದು ಉಪಾಯ ಇದೆ. ಬಾಗಿಲಿಗೆ ಹಾಕುವ, ಹೊರಗೆ ಯಾರು ಬಂದಿದ್ದಾರೆ ಅಂತ ನೋಡುವ ಡೋರ್ ಐ ಕೆಲಸ ಮಾಡುವುದು ಇದೇ ರೀತಿಯಲ್ಲಿ. ನೀವು ಕಣ್ಣಿಡುವ ಬದಿಯನ್ನು ಮೊಬೈಲಿನ ಮುಖ್ಯ ಕ್ಯಾಮೆರಾಕ್ಕೆ ಅಂಟಿಸಿ ಹಿಡಿದು, ಸುತ್ತ ಕಪ್ಪು ಟೇಪ್ ಸುತ್ತಿ, ದುಂಡು ಚಿತ್ರ ಫ್ರೇಮ್ ತುಂಬುವಷ್ಟು ಝೂಮ್ ಮಾಡಿ. ಅಂಚು ಮಸುಕಾಗಿರುತ್ತದೆ, ಬಣ್ಣದ ಗೆರೆಗಳೂ ಕಾಣುತ್ತವೆ, ಒಳ್ಳೆ ಬಿಸಿಲು ಬೇಕು. ಆದರೆ ನಡುವಿನ ಗೆರೆ ನೇರ, ಉಳಿದದ್ದು ಬಾಗು ಅನ್ನುವ ಪಾಠ ಪೂರ್ತಿ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದೇ ಕೊಳ್ಳಿ, ಮನೆ ಬಾಗಿಲಿನದನ್ನು ಬಿಚ್ಚಲು ಹೋಗಬೇಡಿ.